ಕಡೆಯ ಮಣೆಗೆ ಬಂದ ಹಿರಿ ಅಮ್ಮಾವರು

ಬಸದಿಯ ಅಂಗಳದಲ್ಲಿ ಮಣೆಯ ಮೇಲೆ ಕೂತು, ಬೆರಳಿಗೆ ಬೂದಿ ಹಚ್ಚಿಕೊಂಡು, ಹಿರಿ ಅಮ್ಮಾವರು ತಮ್ಮ ತಲೆಯ ಕೂದಲನ್ನು ತಾವೇ ಕೀಳುತ್ತಿದ್ದರು. ಕತ್ತರಿಯಿಲ್ಲ, ಕತ್ತಿಯಿಲ್ಲ. ಎರಡು ಬೆರಳಿನ ನಡುವೆ ಒಂದು ಚಿಟಿಕೆ ಕೂದಲು ಹಿಡಿದು ಎಳೆದರೆ ಹಸಿ ಹುಲ್ಲು ಕಿತ್ತಂಥ ಸಣ್ಣ ಸದ್ದು ಕೇಳುತ್ತಿತ್ತು. ಸುತ್ತಲಿನ ಹೆಂಗಸರು ಹಾಡುತ್ತ ಹಾಡುತ್ತ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅಮ್ಮಾವರ ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ. ಕಿವಿಯ ಹಿಂದಿನ ಕೂದಲು ಕೀಳುವಾಗ ಎಂಥವರಿಗೂ ಕಣ್ಣಲ್ಲಿ ನೀರು ಬರುತ್ತದೆ ಎನ್ನುತ್ತಾರೆ. ಅದೇ ಹೊತ್ತಿಗೆ ಅವರು ಎದುರಿಗಿದ್ದ ಬಾಣಂತಿಯೊಬ್ಬಳನ್ನು ನೋಡಿ, "ಆ ಕೂಸಿಗೆ ಬಿಸಲ ಬಡ್ಯಾಕತ್ತೇತಿ ತಂಗಿ, ನೆಳ್ಳಿಗೆ ಸರದ ಕೂಡ್ರು" ಅಂದಿದ್ದು ನನಗೆ ಇನ್ನೂ ನೆನಪಿದೆ.

ಅವರು ಆರ್ಯಿಕೆ, ದಿಗಂಬರ ಜೈನರ ಸನ್ಯಾಸಿನಿ. ದೀಕ್ಷೆಯಲ್ಲಿ ಅವರಿಗೊಂದು ದೊಡ್ಡ ಹೆಸರು ಕೊಟ್ಟಿದ್ದರು. ಆ ಹೆಸರನ್ನು ಪತ್ರಿಕೆ ಅಚ್ಚು ಹಾಕಿಸುವಾಗ ಬಿಟ್ಟರೆ ಯಾರೂ ಬಳಸಿದ್ದನ್ನು ನಾನು ಕೇಳಿಲ್ಲ. ಜಮಖಂಡಿಯಿಂದ ತೇರದಾಳದವರೆಗೆ, ಅತ್ತ ಮುಧೋಳ, ಬೀಳಗಿ ಕಡೆಗೂ ಅವರು ಹಿರಿ ಅಮ್ಮಾವರೇ. ಅದಕ್ಕೂ ಮೊದಲು ಅವರು ನನ್ನ ತಂದೆಯ ಅಕ್ಕ, ನನ್ನ ಪದ್ದತ್ತಿ.

ನಮ್ಮ ಊರು ಕೃಷ್ಣಾ ಹೊಳೆಯ ದಂಡೆಗೆ, ಜಮಖಂಡಿ ಮತ್ತು ತೇರದಾಳದ ನಡುವೆ ಇದೆ. ಹೆಸರು ಹೇಳುವುದಿಲ್ಲ. ನನ್ನ ತವರಿನವರು ಅಲ್ಲಿ ಇನ್ನೂ ಬಾಳಬೇಕು. ಅತ್ತಿಯನ್ನು ಮುಧೋಳದ ಕಡೆ ಕೊಟ್ಟಿದ್ದರು. ಗಂಡ ಕಬ್ಬಿನ ಟ್ರ್ಯಾಕ್ಟರಿನ ಕೆಳಗೆ ಸಿಕ್ಕು ಸತ್ತ ಮೇಲೆ ಒಂದು ಟ್ರಂಕು ಹಿಡಿದು ನಮ್ಮ ಮನೆಗೆ ಬಂದಳು. ಬಂದವಳು ಅಡಿಗೆಮನೆಯಲ್ಲಿ ಕೂರಲಿಲ್ಲ, ಹೊಲಕ್ಕೆ ಹೋದಳು. ಕಬ್ಬಿಗೆ ನೀರು ಹಾಯಿಸುವುದು, ಆಳುಗಳನ್ನು ಹಚ್ಚಿ ಕಸ ತೆಗೆಸುವುದು, ಎತ್ತಿನ ಕಾಲಿಗೆ ಮುಳ್ಳು ನಟ್ಟರೆ ತೆಗೆಯುವುದು ಎಲ್ಲ ಅವಳದೇ. ನನ್ನ ತಂದೆ ಪಂಚರ ಜೊತೆ ಕೂತು ಊರಿನ ಹಿರಿತನ ಮಾಡಿದ್ದೇ ಹೊಲವನ್ನು ಅಕ್ಕ ನೋಡಿಕೊಂಡಿದ್ದರಿಂದ. ಸಂಜೆ ಬಂದು ಕೈಕಾಲು ತೊಳೆದು ನನ್ನ ಜಡೆ ಹೆಣೆಯುತ್ತಿದ್ದಳು. ಬಿಗಿಯಾಗಿ ಹೆಣೆಯುತ್ತಿದ್ದಳು. ನಾನು ನೋವೆಂದರೆ, ಸಾಲಿಗೆ ಹೋಗಿ ಬರುವತನಕ ಬಿಚ್ಚಬಾರದಲ್ಲ ಎನ್ನುತ್ತಿದ್ದಳು.

ನಾನು ಐದನೆಯ ಇಯತ್ತೆಯಲ್ಲಿದ್ದಾಗ ಅವಳು ದೀಕ್ಷೆ ತೆಗೆದುಕೊಂಡಳು. ಯಾಕೆ ಎಂದು ಯಾರಿಗೂ ಬಿಡಿಸಿ ಹೇಳಲಿಲ್ಲ. ಮರುವರ್ಷ ಸಂಘದೊಂದಿಗೆ ಬರಿಗಾಲಲ್ಲಿ ನಮ್ಮ ಊರಿಗೆ ಬಂದಾಗ ನಾನು ಓಡಿಹೋಗಿ ಬಿಳಿ ಸೀರೆಯ ಸೆರಗು ಹಿಡಿದು ಅತ್ತಿ ಅಂದೆ. ಅವರು ನಿಲ್ಲಲಿಲ್ಲ, ಬಯ್ಯಲೂ ಇಲ್ಲ. ಕಣ್ಣನ್ನು ಮುಂದಿನ ನಾಲ್ಕು ಮೊಳ ನೆಲದ ಮೇಲೆಯೇ ಇಟ್ಟು, ಕಾಲಡಿ ಯಾವ ಹುಳವೂ ಸಿಗದಂತೆ ನೋಡಿಕೊಳ್ಳುತ್ತ ನಡೆದುಹೋದರು. ಸೆರಗು ತಾನಾಗಿಯೇ ನನ್ನ ಕೈಯಿಂದ ಜಾರಿತು. ಅವ್ವ ನನ್ನನ್ನು ಬದಿಗೆ ಕರೆದು, ಇನ್ನು ಮೇಲೆ ಅತ್ತಿ ಅನ್ನಬಾರದು, ಕೈ ಮುಗಿದು "ವಂದಾಮಿ" ಅನ್ನಬೇಕು ಎಂದು ಹೇಳಿಕೊಟ್ಟಳು. ಅಂದಿನಿಂದ ನಾನೂ ಅವರಿಗೆ ಊರಿನ ಎಲ್ಲ ಹುಡುಗಿಯರ ಹಾಗೆ ಬರೀ ತಂಗಿ.

ಮುಂದೆ ಕೆಲವು ವರ್ಷಗಳಲ್ಲಿ ಅವರ ಸಂಘ ಸಣ್ಣದಾಯಿತು. ಹಿರಿ ಅಮ್ಮಾವರು, ಅವರಿಂದ ದೀಕ್ಷೆ ಪಡೆದ ಒಬ್ಬ ನಡುವಯಸ್ಸಿನ ಅಮ್ಮಾವರು, ಇಬ್ಬರೇ. ಹೆಂಗಸರ ಆ ಸಂಸಾರದಲ್ಲಿ ಎಲ್ಲಕ್ಕೂ ಒಂದು ಸಾಲು ಇತ್ತು. ಯಾರು ಮೊದಲು ದೀಕ್ಷೆ ಪಡೆದರೋ ಅವರ ಮಣೆ ಮೇಲೆ, ಆಮೇಲಿನವರದು ಕೆಳಗೆ. ನಡೆಯುವಾಗ, ಕೂರುವಾಗ, ಊಟಕ್ಕೆ ಹೊರಡುವಾಗ ಅದೇ ಸಾಲು. ಬೆಳಗಿನ ಜಾವ ಎದ್ದು ಹಿಂದಿನ ದಿನದ ತಪ್ಪುಗಳನ್ನು ಕಿರಿಯರು ಹಿರಿಯರ ಮುಂದೆ ಹೇಳಿಕೊಳ್ಳಬೇಕು. ಇರುವುದೊಂದೇ ಸೀರೆ. ಕೈಯಲ್ಲಿ ನವಿಲುಗರಿಯ ಪಿಂಛಿ, ಕೂರುವ ಮೊದಲು ನೆಲದ ಮೇಲಿನ ಜೀವಿಗಳನ್ನು ಮೆಲ್ಲಗೆ ಸರಿಸಲಿಕ್ಕೆ. ಇನ್ನೊಂದು ಕೈಯಲ್ಲಿ ಕಮಂಡಲ. ಅದರಲ್ಲಿ ಕಾಸಿದ ನೀರು ಇರುತ್ತದೆ, ಆದರೆ ಅದು ಕೈಕಾಲು ತೊಳೆಯುವುದಕ್ಕೆ ಮಾತ್ರ. ಕುಡಿಯುವುದು ದಿನಕ್ಕೊಮ್ಮೆ, ಊಟದ ಹೊತ್ತಿನಲ್ಲೇ, ಬೊಗಸೆಯಲ್ಲಿ.

ಆ ಊಟಕ್ಕೂ ಅವರು ಕೇಳುವಂತಿಲ್ಲ. ಬಲಗೈಯ ಬೆರಳನ್ನು ಹೆಗಲಿಗೆ ಮುಟ್ಟಿಸಿಕೊಂಡು ಓಣಿಯಲ್ಲಿ ಸುಮ್ಮನೆ ನಡೆಯುತ್ತಾರೆ. ಮಡಿಯುಟ್ಟು, ಕಳಸ ಹಿಡಿದು ಬಾಗಿಲಲ್ಲಿ ನಿಂತ ಮನೆಯವರು ಕರೆಯಬೇಕು. ಕರೆದರೆ ಊಟ, ಇಲ್ಲದಿದ್ದರೆ ಉಪವಾಸ. ಬೊಗಸೆಯ ಅನ್ನದಲ್ಲಿ ಒಂದು ಕೂದಲೋ ಸತ್ತ ಇರುವೆಯೋ ಕಂಡರೆ ಅಂತರಾಯ, ಅಂದರೆ ಅಲ್ಲಿಗೆ ಆ ದಿನದ ಊಟವೂ ನೀರೂ ಮುಗಿಯಿತು. ಒಂದು ಬೇಸಿಗೆಯಲ್ಲಿ ತೇರದಾಳದ ಮನೆಯೊಂದರಲ್ಲಿ ಹಿರಿ ಅಮ್ಮಾವರಿಗೆ ಮೊದಲ ತುತ್ತಿಗೇ ಹಾಗಾಯಿತು. ಬೊಗಸೆ ಬಿಟ್ಟು ಎದ್ದರು. ಮನೆಯ ಸೊಸೆ ತನ್ನಿಂದ ಪಾಪವಾಯಿತೆಂದು ಗೋಡೆಗೆ ಹಣೆ ಬಡಿದುಕೊಂಡು ಅತ್ತಳು. ಅಮ್ಮಾವರು ಸಂಜೆ ಅವಳನ್ನು ಬಸದಿಗೆ ಕರೆಸಿ ಹತ್ತಿರ ಕೂರಿಸಿಕೊಂಡು, "ಅನ್ನದಾಗ ಇರಿವಿ ಬಂದರ ಇರಿವಿದೂ ತಪ್ಪಲ್ಲ, ನಿಂದೂ ತಪ್ಪಲ್ಲ. ನಾಳಿಗೆ ನಿನ್ನ ಬಾಗಲದಾಗ ನಿಲ್ಲು, ಬರ್ತೇನಿ" ಅಂದರು. ಮರುದಿನ ಬೇರೆ ಎಷ್ಟೋ ಬಾಗಿಲು ಕರೆದರೂ ಅವಳ ಬಾಗಿಲಿಗೇ ಹೋದರು.

ಪ್ರವಚನದಲ್ಲಿಯೂ ಅವರದು ಹೊಲದ ಮಾತು. ದೇಹವೆಂದರೆ ಆಳು, ಆಳಿಗೆ ಹೊತ್ತಿಗೆ ಹಾಕಬೇಕು, ತಲೆಯ ಮೇಲೆ ಕೂರಿಸಿಕೊಳ್ಳಬಾರದು ಎನ್ನುತ್ತಿದ್ದರು. ದೊಡ್ಡ ಶಾಸ್ತ್ರ ಓದಿದವರು ಮುಗುಳ್ನಗುತ್ತಿದ್ದರು, ಹೆಂಗಸರು ತಲೆಯಾಡಿಸುತ್ತಿದ್ದರು.

ಚಿಮ್ಮಡದ ಸುಜಾತಾ ಅವರ ಬೆನ್ನು ಹತ್ತಿದ್ದು ಇಂಥ ಒಂದು ಪ್ರವಚನ ಕೇಳಿಯೇ. ಬನಹಟ್ಟಿಯ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದ ಹುಡುಗಿ. ಸ್ತೋತ್ರ ಹಾಡಿದರೆ ಬಸದಿಯೊಳಗೆ ಮಾತಾಡುತ್ತಿದ್ದವರು ಸುಮ್ಮನಾಗುತ್ತಿದ್ದರು. ಹಿರಿ ಅಮ್ಮಾವರು ಅವಳನ್ನು ಒಪ್ಪಲಿಲ್ಲ. ಮೊದಲು ಓದು ಮುಗಿಸು ಅಂದರು. ಮುಗಿಸಿದ ಮೇಲೆ ಸಂಘದ ಹಿಂದೆ ನಡೆದು ನೋಡು ಅಂದರು. ಅವಳು ಕಾಲು ಬಿರಿದರೂ ಬಿಡದೆ ನಡೆದಳು. ಕೊನೆಗೆ ಅವಳ ತಂದೆಯೇ ಬಂದು ಪಟ್ಟು ಹಿಡಿದರು. ಅವರು ಒಳ್ಳೆಯ ಒಕ್ಕಲುತನದ ಮನುಷ್ಯ, ಮೆದು ಮಾತಿನವರು. ಮಗಳು ದೀಕ್ಷೆ ಪಡೆದರೆ ಮನೆತನವೇ ಉದ್ಧಾರವಾಯಿತೆಂದು ನಿಜವಾಗಿ ನಂಬಿದ್ದರು. ಊರಿಗೆ ಊರೇ ಮೆರವಣಿಗೆ ಮಾಡಿತು. ಮದುವಣಗಿತ್ತಿಯ ಹಾಗೆ ಸಿಂಗರಿಸಿದ ಸುಜಾತಾ ವೇದಿಕೆಯ ಮೇಲೆ ಒಂದೊಂದೇ ಒಡವೆ ಬಿಚ್ಚಿ ಕೊಟ್ಟಳು. ಮೊದಲ ಕೂದಲು ಕಿತ್ತವರು ಹಿರಿ ಅಮ್ಮಾವರು. ಅಂದು ಅವರ ಮುಖ ನೋಡಿದೆ. ತಮ್ಮ ಕೂದಲು ಕೀಳುವಾಗ ಅಲುಗದ ಮುಖ ಆ ದಿನ ಬಿಗಿದುಕೊಂಡಿತ್ತು. ಆಮೇಲೆ ನನ್ನ ಅವ್ವನ ಹತ್ತಿರ, ಇಷ್ಟು ಎಳೇ ಹುಡುಗಿಯ ಕೂದಲು ಬಹಳ ಆಳಕ್ಕೆ ಬೇರು ಬಿಟ್ಟಿರುತ್ತದೆ ಅಂದರಂತೆ.

ಹಾಗೆ ಸುಜಾತಾ ಸಣ್ಣ ಅಮ್ಮಾವರಾದಳು.

ಎರಡು ಮಳೆಗಾಲ ಕಳೆದ ಮೇಲೆ ಸಂಘ ಚಾತುರ್ಮಾಸಕ್ಕೆ ನಮ್ಮ ಊರಿನಲ್ಲೇ ನಿಂತಿತು. ಮಳೆಗಾಲದ ನಾಲ್ಕು ತಿಂಗಳು ಅವರು ಒಂದೇ ಊರಲ್ಲಿ ಇರಬೇಕು. ನಾನಾಗ ಜಮಖಂಡಿಯ ಒಂದು ಖಾಸಗಿ ದವಾಖಾನೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೆ, ಈಗಲೂ ಅಲ್ಲೇ ಇದ್ದೇನೆ. ಶ್ರಾವಣದಲ್ಲಿ ಊರಿಗೆ ಬಂದಾಗ ಸಣ್ಣ ಅಮ್ಮಾವರನ್ನು ನೋಡಿ ಗುರುತು ಹತ್ತಲಿಲ್ಲ. ಕತ್ತಿನ ಎಲುಬು ಎದ್ದು ಕಾಣುತ್ತಿದ್ದವು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಊರವರಿಗೆ ಅದೇ ಭಕ್ತಿ. ಎಳೇ ವಯಸ್ಸಿನಲ್ಲಿ ಎಂಥ ತಪಸ್ಸು, ಮುಖದಲ್ಲಿ ಎಂಥ ತೇಜ ಎಂದು ದೂರದ ಊರುಗಳಿಂದ ಗಾಡಿ ಮಾಡಿಕೊಂಡು ಬಂದು ಕಾಲಿಗೆ ಬೀಳುತ್ತಿದ್ದರು. ಅವಳ ತಂದೆ ಬಸದಿಯ ಕಟ್ಟೆಯ ಮೇಲೆ ಕೂತು ಬಂದವರ ನಮಸ್ಕಾರ ತೆಗೆದುಕೊಳ್ಳುತ್ತಿದ್ದರು.

ಒಂದು ಸಂಜೆ ಹಿರಿ ಅಮ್ಮಾವರು ನನ್ನನ್ನು ಬಸದಿಯ ಹಿತ್ತಿಲಿಗೆ ಕರೆದರು. ನಿಂತ ನೀರಿನಲ್ಲಿ, ಹಸಿರಿನ ಮೇಲೆ ಅವರು ಮೂತ್ರಕ್ಕೆ ಕೂರುವಂತಿಲ್ಲ. ಒಣನೆಲ ಹುಡುಕಿ, ಪಿಂಛಿಯಿಂದ ಜೀವಿಗಳನ್ನು ಸರಿಸಿ ಕೂರಬೇಕು. ಅಂಥ ಒಂದು ಒಣ ಜಾಗ ತೋರಿಸಿದರು. ಮಣ್ಣು ಕಾಣದಷ್ಟು ಇರುವೆ ಮುತ್ತಿದ್ದವು.

"ಸಣ್ಣಾಕಿ ಕುಂತಲ್ಲೆಲ್ಲಾ ಹಿಂಗ ಬರ್ತಾವು" ಅಂದರು. "ನಾ ಕುಂತಲ್ಲಿ ಬರೂದಿಲ್ಲ. ಇಷ್ಟ ಜೀವ ನಮ್ಮಿಂದ ಯಾಕ ಬಂದು ಸಾಯಾಕತ್ತಾವ ಅಂತ ನೋಡಾಕತ್ತಿದ್ನಿ. ನೀ ದವಾಖಾನ್ಯಾಗ ಇದ್ದಾಕಿ. ಏನಿದು?"

ನಾನು ಬಗ್ಗಿ ಆ ಜಾಗ ನೋಡಿದೆ. ಸಣ್ಣ ಅಮ್ಮಾವರಿಗೆ ಬಹಳ ನೀರಡಿಕೆಯೇ ಎಂದು ಕೇಳಿದೆ. ಅಮ್ಮಾವರು ಹೌದೆಂದರು. ಸಣ್ಣವಳು ಬೆಳಗಿನ ಜಾವ ತಪ್ಪು ಒಪ್ಪಿಕೊಳ್ಳುವಾಗ ದಿನವೂ ಒಂದೇ ತಪ್ಪು ಹೇಳುತ್ತಿದ್ದಳಂತೆ. ಕಮಂಡಲದ ನೀರು ನೋಡಿದೆ, ಕುಡಿಯಬೇಕು ಅನ್ನಿಸಿತು ಎಂದು. ಹಿರಿಯರು ಅದಕ್ಕೆ ಜಪ ಹೇಳಿಕೊಟ್ಟಿದ್ದರು. ಅವಳು ಜಪ ಮಾಡುತ್ತಿದ್ದಳು, ಮರುದಿನ ಅದನ್ನೇ ಹೇಳುತ್ತಿದ್ದಳು. ಇದನ್ನು ಹೇಳುವಾಗ ಅಮ್ಮಾವರ ದನಿ ತಗ್ಗಿತು.

ಮರುದಿನ ನಾನು ಮೂತ್ರದಲ್ಲಿ ಅದ್ದಿ ಸಕ್ಕರೆ ನೋಡುವ ಪರೀಕ್ಷೆಯ ಪಟ್ಟಿ ತಂದೆ. ಸೂಜಿ ಚುಚ್ಚಬೇಕಾಗಿರಲಿಲ್ಲ. ಪಟ್ಟಿ ಕಂದು ಬಣ್ಣಕ್ಕೆ ತಿರುಗಿತು. ನಮ್ಮ ಡಾಕ್ಟರರನ್ನು ಕೇಳಿಕೊಂಡು ಬಂದು ಹೇಳಿದೆ. ಇದು ಎಳೆಯರಿಗೆ ಬರುವ ಸಕ್ಕರೆ ಕಾಯಿಲೆ, ಗುಳಿಗೆಗೆ ಬಗ್ಗುವುದಿಲ್ಲ, ದಿನಕ್ಕೆ ಹಲವು ಸಲ ಇನ್ಸುಲಿನ್ ಸೂಜಿ ಬೇಕು, ಸೂಜಿ ತೆಗೆದುಕೊಂಡ ಮೇಲೆ ಹೊತ್ತಿಗೆ ಸರಿಯಾಗಿ ಉಣ್ಣಲೇಬೇಕು. ಇಲ್ಲದಿದ್ದರೆ ಜೀವ ಉಳಿಯುವುದಿಲ್ಲ, ಅದಕ್ಕೆ ಬಹಳ ದಿನವೂ ಬೇಡ. ಊಟದ ಹೊತ್ತಿಗೊಂದೇ ಸೂಜಿ ಕೊಟ್ಟರೆ ನಡೆಯುವುದಿಲ್ಲವೇ ಎಂದು ಅಮ್ಮಾವರು ಕೇಳಿದರು. ಕಷಾಯ, ಬೇರು, ಚೂರ್ಣ ಎಲ್ಲವನ್ನೂ ಕೇಳಿದರು. ನಾನು ಇಲ್ಲ ಎನ್ನುತ್ತ ಹೋದೆ.

ಮಹಾವ್ರತದಲ್ಲಿದ್ದುಕೊಂಡು ಹೊತ್ತುಹೊತ್ತಿಗೆ ಉಣ್ಣುವುದು ಸಾಧ್ಯವಿಲ್ಲ. ಉಳಿದ ದಾರಿ ಒಂದೇ, ಪಿಂಛಿ ಕೆಳಗಿಟ್ಟು ಮನೆಗೆ ಹೋಗುವುದು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಹಿರಿ ಅಮ್ಮಾವರು ಆ ಮಾತನ್ನು ಅವಳಿಗೆ ಹೇಳುವಾಗ ನಾನು ಕಂಬದ ಹತ್ತಿರ ಕೂತಿದ್ದೆ. ಸಣ್ಣ ಅಮ್ಮಾವರು ಅಳಲಿಲ್ಲ. ತನಗೆ ಸಲ್ಲೇಖನ ಕೊಡಿ, ಅನ್ನ ನೀರು ಬಿಟ್ಟು ಶಾಂತಿಯಿಂದ ದೇಹ ಬಿಡುತ್ತೇನೆ, ವ್ರತ ಮಾತ್ರ ಬಿಡುವುದಿಲ್ಲ ಅಂದಳು.

"ಅದು ಔಷಧ ಇಲ್ಲದವರಿಗೆ" ಅಂದರು ಹಿರಿಯರು. "ಹಣ್ಣಾದ ಎಲಿ ತಾನ ಉದರತೈತಿ. ನೀ ಇನ್ನಾ ಚಿಗುರು. ನಿನಗ ಔಷಧ ಐತಿ ಅಂತ ಗೊತ್ತಾದ ಮ್ಯಾಲೂ ಸಾಯಾಕ ಬಿಟ್ಟರ ಅದು ಹಿಂಸಾ. ಅದನ್ನ ನಾ ಮಾಡೂದಿಲ್ಲ."

"ನಾ ಮಾಡಿಕೊಳ್ಳಾಕತ್ತೇನ್ರಿ, ನೀವಲ್ಲ" ಅಂದಳು ಸುಜಾತಾ.

ಸುದ್ದಿ ಅದೇ ದಿನ ಊರಲ್ಲಿ ಹರಡಿತು. ಪಂಚರು ಬಂದರು, ಅವರಲ್ಲಿ ನನ್ನ ತಂದೆಯೂ ಒಬ್ಬರು. ಚಿಮ್ಮಡದಿಂದ ಸುಜಾತಾಳ ತಂದೆ ಬಂದರು. ಯಾರೂ ದನಿ ಏರಿಸಲಿಲ್ಲ, ಎಲ್ಲರೂ ಕೈ ಮುಗಿದೇ ಮಾತಾಡಿದರು. ಊರಿನ ಚಾತುರ್ಮಾಸದಲ್ಲಿ ಹೀಗಾದರೆ ಮುಂದೆ ಯಾವ ಸಂಘ ಇಲ್ಲಿಗೆ ಬರುತ್ತದೆ ಎಂದರು ಪಂಚರು. ಸುಜಾತಾಳ ತಂದೆ ಹಿರಿ ಅಮ್ಮಾವರ ಮುಂದೆ ಉದ್ದಕ್ಕೆ ಬಿದ್ದು, ಮಗಳು ವ್ರತದಲ್ಲಿ ಹೋದರೆ ತಾನು ಎದೆಗಟ್ಟಿ ಮಾಡಿಕೊಂಡೇನು, ವ್ರತ ಮುರಿದು ಮನೆಗೆ ಬಂದರೆ ಜನರಿಗೆ ಹೇಗೆ ಮುಖ ತೋರಿಸಲಿ ಎಂದು ಅತ್ತರು. ಅವರು ಮಗಳ ಮೇಲೆ ಪ್ರೀತಿ ಇಲ್ಲದವರಲ್ಲ. ಅದನ್ನು ನೋಡಿಯೇ ನನಗೆ ಹೆಚ್ಚು ಭಯವಾಯಿತು.

ಹಿರಿ ಅಮ್ಮಾವರ ಗುರುಗಳಾದ ಆಚಾರ್ಯರು ಆಗ ಮಹಾರಾಷ್ಟ್ರದ ಕಡೆ ಚಾತುರ್ಮಾಸದಲ್ಲಿದ್ದರು. ಅವರ ಅಪ್ಪಣೆ ಕೇಳೋಣ ಎಂದು ಎಲ್ಲರೂ ಒಪ್ಪಿದರು. ಅಮ್ಮಾವರು ಫೋನು ಮುಟ್ಟುವಂತಿಲ್ಲ. ಅವರು ಹೇಳಿದ್ದನ್ನು ನಾನೇ ಬರೆದು ಆಚಾರ್ಯರ ಸೇವೆಯಲ್ಲಿದ್ದ ಬ್ರಹ್ಮಚಾರಿಗಳಿಗೆ ಕಳಿಸಿದೆ. ಭಾದ್ರಪದದ ಹತ್ತು ದಿನದ ಪರ್ವ ಮುಗಿಯಲಿ, ವಿಚಾರ ಮಾಡಿ ತಿಳಿಸುತ್ತೇವೆ, ಅಲ್ಲಿಯತನಕ ತಾಳ್ಮೆಯಿಂದಿರಿ ಎಂಬ ಉತ್ತರ ಬಂತು. ಹೊರಗೆ ಮಳೆ ಹಿಡಿದಿತ್ತು, ಹೊಳೆ ತುಂಬಿ ಹೊಲದ ಬದುವಿಗೆ ಬಂದಿತ್ತು. ಬಸದಿಯೊಳಗೆ ಸಣ್ಣ ಅಮ್ಮಾವರು ಗೋಡೆಗೆ ಆತು ಕೂತಿರುತ್ತಿದ್ದಳು. ಊಟಕ್ಕೆ ಹೊರಟರೆ ಓಣಿಯಲ್ಲಿ ನಿಂತು ನಿಂತು ಹೋಗುತ್ತಿದ್ದಳು. ಕುಡಿದ ನೀರು ಸಾಲದೆ ಮತ್ತೆ ಮತ್ತೆ ಬೊಗಸೆ ಚಾಚುತ್ತಿದ್ದಳು.

ಪರ್ವದ ನಡುವಿನ ಒಂದು ಮುಂಜಾನೆ ಅಭಿಷೇಕದ ಹೊತ್ತಿಗೆ ಅವಳು ಬಿದ್ದಳು. ಬಸದಿ ತುಂಬ ಜನ. ದೊಡ್ಡದಾಗಿ ಏದುಸಿರು ಬಿಡುತ್ತಿದ್ದಳು, ಬಾಯಿಂದ ಕೊಳೆತ ಹಣ್ಣಿನ ವಾಸನೆ ಬರುತ್ತಿತ್ತು. ನಾನು ಆ ವಾಸನೆಯನ್ನು ದವಾಖಾನೆಯಲ್ಲಿ ಕಂಡವಳು. ಈಗಲೇ ದವಾಖಾನೆಗೆ ಒಯ್ಯದಿದ್ದರೆ ಜೀವ ಉಳಿಯುವುದಿಲ್ಲ ಅಂದೆ. ಯಾರೋ ಕಿವಿಯಲ್ಲಿ ಕಡೆಗಾಲದ ಮಂತ್ರ ಹೇಳಿ ಅಂದರು. ನಡುವಿನ ಅಮ್ಮಾವರು ಮಂತ್ರ ಶುರು ಮಾಡಿಯೂ ಬಿಟ್ಟರು.

ಹಿರಿ ಅಮ್ಮಾವರು ಎದ್ದು ಬಂದರು. ಬಾಗಿ, ಸುಜಾತಾಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಪ್ರಜ್ಞೆಯಿಲ್ಲದಿದ್ದರೂ ಆ ಕೈ ಪಿಂಛಿಯನ್ನು ಬಿಗಿಯಾಗಿ ಹಿಡಿದಿತ್ತು. ಪಿಂಛಿ ತೆಗೆದುಕೊಂಡು ದೇವರ ಕಡೆ ತಿರುಗಿ ನಿಂತು, ಎಲ್ಲರಿಗೂ ಕೇಳುವ ಹಾಗೆ, "ಈಕಿ ಬಿಟ್ಟಿಲ್ಲ. ನಾ ತಗೊಂಡೇನಿ. ಇದರ ಪಾಪ ಇದ್ದರ ನಂದು" ಅಂದರು. ಆಮೇಲೆ ನನ್ನ ಕಡೆ ನೋಡಿ, "ಈಗ ಈಕಿ ಅಮ್ಮಾವರಲ್ಲ, ಸುಜಾತಾ. ಎತ್ತು" ಅಂದರು.

ಮುಂದೆ ಬಂದವರು ಯಾರೂ ಇಲ್ಲ. ಕೊನೆಗೆ ನನ್ನ ಅವ್ವ ಬಂದು ಕಾಲು ಹಿಡಿದಳು. ಇಬ್ಬರೂ ಎತ್ತಿ ಗಾಡಿಗೆ ಹಾಕಿದೆವು. ಸುಜಾತಾ ಹುಲ್ಲಿನ ಪೆಂಡಿಯಷ್ಟು ಹಗುರಾಗಿದ್ದಳು. ಗಾಡಿ ಹೊರಡುವಾಗ ಅವಳ ತಂದೆ ಬಸದಿಯ ಬಾಗಿಲಲ್ಲೇ ನಿಂತಿದ್ದರು.

ಅವಳು ಬದುಕಿದಳು. ಜಮಖಂಡಿಯಲ್ಲಿ ಆಗಲಿಲ್ಲ, ದೊಡ್ಡ ದವಾಖಾನೆಗೆ ಕಳಿಸಿದರು, ಅಲ್ಲಿ ಬಹಳ ದಿನ ಇದ್ದಳು. ಕಣ್ಣು ಬಿಟ್ಟ ಕೂಡಲೇ ಕೈಯಿಂದ ಹಾಸಿಗೆಯ ಮಗ್ಗುಲು ತಡವಿ ಪಿಂಛಿ ಹುಡುಕಿದಳು. ತೋಳಿನಲ್ಲಿ ಸಲೈನಿನ ಸೂಜಿ, ಮೈಮೇಲೆ ದವಾಖಾನೆಯ ಹಸಿರು ಅಂಗಿ. ನಾನು ನಡೆದದ್ದನ್ನು ಹೇಳಿದೆ. ಅವಳು ಗೋಡೆಯ ಕಡೆ ಹೊರಳಿದಳು. "ನನ್ನ ಕೇಳದ ನನ್ನ ಕೈಯಾಗಿಂದ ಕಸಗೊಂಡ್ರು" ಅಂದಳು.

ಆಚಾರ್ಯರ ತೀರ್ಪು ಪರ್ವ ಮುಗಿದ ಮೇಲೆ ಬಂತು. ಜೀವ ಉಳಿಸಿದ್ದನ್ನು ಅವರು ತಪ್ಪು ಅನ್ನಲಿಲ್ಲ. ಆದರೆ ಗುರುವಿನ ಅಪ್ಪಣೆಗೆ ಕಾಯದೆ, ಮಾತಾಡಲಾರದ ಸಾಧ್ವಿಯ ಕೈಯಿಂದ ಪಿಂಛಿ ತೆಗೆದದ್ದಕ್ಕೆ ಪ್ರಾಯಶ್ಚಿತ್ತ ವಿಧಿಸಿದರು. ಹಿರಿ ಅಮ್ಮಾವರ ದೀಕ್ಷೆಯ ಹಿಂದಿನ ವರ್ಷಗಳನ್ನೆಲ್ಲ ಕಡಿದುಹಾಕಿದರು. ಅಂದರೆ ಅವರು ಅಂದಿನಿಂದ ಹೊಸದಾಗಿ ದೀಕ್ಷೆ ಪಡೆದವರ ಲೆಕ್ಕ. ಮುಂದೆ ಯಾರಿಗೂ ದೀಕ್ಷೆ ಕೊಡುವಂತಿಲ್ಲ.

ಓದಿ ಹೇಳಿದ್ದನ್ನು ಕೇಳಿ ಅವರು ಎದ್ದರು. ತಮ್ಮ ಮಣೆಯನ್ನು ತಾವೇ ಎತ್ತಿ ಕೆಳಗೆ, ಕಡೆಯ ಜಾಗದಲ್ಲಿ ಇಟ್ಟರು. ತಾವೇ ಕೂದಲು ಕಿತ್ತು ದೀಕ್ಷೆ ಕೊಟ್ಟಿದ್ದ ನಡುವಿನ ಅಮ್ಮಾವರ ಎದುರು ಮಂಡಿಯೂರಿ ಕೈ ಮುಗಿದು "ವಂದಾಮಿ" ಅಂದರು. ಆ ಅಮ್ಮಾವರು ಗಾಬರಿಯಾಗಿ ಏಳಹೋದರೆ, ಕೂಡ್ರಿ, ಏಳಬಾರದು ಎಂದು ಮೆಲ್ಲಗೆ ಹೇಳಿದರು. ಮರುದಿನದ ಜಾವದಿಂದ ಅವರ ಮುಂದೆಯೇ ತಮ್ಮ ತಪ್ಪು ಹೇಳಿಕೊಳ್ಳತೊಡಗಿದರು.

ಇದನ್ನು ತಡೆದುಕೊಳ್ಳಬಹುದಿತ್ತು, ಇದು ಅವರ ಸಂಘದೊಳಗಿನ ಮಾತು. ಊರು ಮಾಡಿದ್ದು ಬೇರೆ. ಯಾರೂ ಕೂತು ಠರಾವು ಮಾಡಲಿಲ್ಲ. ಬಾಗಿಲುಗಳು ತಾವಾಗಿಯೇ ಮುಚ್ಚಿದವು. ನಡುವಿನ ಅಮ್ಮಾವರು ಓಣಿಗೆ ಬಂದಾಗ ಎರಡೂ ಬದಿ ಕಳಸ ಹಿಡಿದು ನಿಂತಿರುತ್ತಿದ್ದವರು, ಅವರು ಒಂದು ಮನೆಗೆ ಹೋದ ಕೂಡಲೇ ಒಳಗೆ ಸೇರುತ್ತಿದ್ದರು. ಅವರ ಹಿಂದಿನಿಂದ ಹಿರಿ ಅಮ್ಮಾವರು ಬರುತ್ತಿದ್ದರು. ಬೆರಳು ಹೆಗಲಿಗೆ, ಕಣ್ಣು ನೆಲಕ್ಕೆ. ಓಣಿಯ ತುದಿಯವರೆಗೆ ನಡೆದು, ಯಾರೂ ಕರೆಯದಿದ್ದರೆ ಹಾಗೇ ತಿರುಗಿ ಬಸದಿಗೆ ಹೋಗುತ್ತಿದ್ದರು. ನಡಿಗೆ ಹೋಗುವಾಗ ಎಷ್ಟು ನಿಧಾನವೋ ಬರುವಾಗಲೂ ಅಷ್ಟೇ.

ನನ್ನ ಅವ್ವ ಮೊದಲ ದಿನ ಇದನ್ನು ಕಿಟಕಿಯಿಂದ ನೋಡಿದಳು. ಮರುದಿನ ಬೆಳಿಗ್ಗೆ ಮಡಿಯುಟ್ಟು ಶುದ್ಧದ ಅಡಿಗೆ ಮಾಡಿ ಕಳಸ ಹಿಡಿದು ಬಾಗಿಲಿಗೆ ಬಂದಳು. ಪಂಚರ ಮನೆಯೇ ಹೀಗೆ ಮಾಡಿದರೆ ಹೇಗೆ ಎಂದು ಅಪ್ಪ ಹಿಂದಿನಿಂದ ಹೇಳಿದರು. ಅವ್ವ ತಿರುಗಿ ನೋಡದೆ, "ನಿಮ್ಮ ಅಕ್ಕ ಬೆಳಸಿದ ಜ್ವಾಳದಾಗ ಇಷ್ಟ ವರ್ಷ ರೊಟ್ಟಿ ತಿಂದೇವಿ. ನೀವು ಪಂಚರಾಗಿ ಒಳಗ ಕೂಡ್ರಿ. ನಾ ಬಾಗಲದಾಗ ನಿಲ್ತೇನಿ" ಅಂದಳು. ಅವ್ವ ಗಂಡನಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಚಾತುರ್ಮಾಸ ಮುಗಿಯುವವರೆಗೆ ಅವಳು ಒಂದು ದಿನವೂ ತಪ್ಪಿಸಲಿಲ್ಲ. ಅಪ್ಪ ಆ ಹೊತ್ತಿಗೆ ಹೊಲಕ್ಕೆ ಹೋಗುವುದನ್ನು ರೂಢಿ ಮಾಡಿಕೊಂಡರು.

ಆಮೇಲೆ ಸಂಘ ಊರು ಬಿಟ್ಟಿತು. ಮುಂದಿನ ಊರುಗಳಲ್ಲಿ ಕೆಲವು ಕಡೆ ಬಾಗಿಲು ತೆರೆಯಿತು, ಕೆಲವು ಕಡೆ ಇಲ್ಲ. ಎಷ್ಟೋ ದಿನ ಅವರು ಉಪವಾಸವೇ ನಡೆದರೆಂದು ಮುಧೋಳದ ಕಡೆಯವರಿಂದ ಕೇಳಿದೆ. ಒಮ್ಮೆ ರಬಕವಿಯ ಹತ್ತಿರ ದಾರಿಯಲ್ಲಿ ಸಿಕ್ಕಾಗ ಅವರ ಕಾಲಿನ ಬಾವು ನೋಡಿ ನಾನು ಏನೋ ಹೇಳಹೋದೆ. ಅವರು ಕೈಯೆತ್ತಿ ತಡೆದು, ಸುಜಾತಾಳಿಗೆ ಸೂಜಿ ತಾನೇ ಚುಚ್ಚಿಕೊಳ್ಳಲು ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ ಅಂದೆ.

ಸುಜಾತಾ ಚಿಮ್ಮಡಕ್ಕೆ ಮರಳಿದ್ದಳು. ತಂದೆ ವರ್ಷಗಟ್ಟಲೆ ಅವಳೊಡನೆ ಮಾತಾಡಲಿಲ್ಲ. ತಾಯಿ ಇನ್ಸುಲಿನ್ ಬಾಟಲಿಯನ್ನು ಪಕ್ಕದ ಕಿರಾಣಿ ಅಂಗಡಿಯ ಫ್ರಿಜ್ಜಿನಲ್ಲಿ ಇಡಿಸಿ, ಹೊತ್ತಿಗೆ ತಂದು ಕೊಡುತ್ತಿದ್ದಳು. ಬಸದಿಗೆ ಹೋದರೆ ಹೆಂಗಸರು ಸರಿದು ಕೂರುತ್ತಿದ್ದರು. ಕಾಲಿಗೆ ಬಿದ್ದಿದ್ದವರೇ ಈಗ ಅವಳ ಕೈಯ ನೀರು ಬೇಡ ಅಂದರು. ಅವಳ ಕೂದಲು ಮತ್ತೆ ಬೆಳೆಯಿತು, ಮೈ ತುಂಬಿಕೊಂಡಿತು, ಓಣಿಯ ಮಕ್ಕಳಿಗೆ ಪಾಠ ಹೇಳಲು ಶುರು ಮಾಡಿದಳು. ಹಾಡುವುದನ್ನು ಮಾತ್ರ ಮತ್ತೆ ಮಾಡಲಿಲ್ಲ. ಹಿರಿ ಅಮ್ಮಾವರ ಹೆಸರೆತ್ತಿದರೆ ಎದ್ದು ಒಳಗೆ ಹೋಗುತ್ತಿದ್ದಳು.

ಹೋದ ವರ್ಷ ಬೀಳಗಿಯ ಆಚೆ, ಹಿನ್ನೀರಿನ ಹತ್ತಿರದ ಒಂದು ಹಳ್ಳಿಯಲ್ಲಿ ಹಿರಿ ಅಮ್ಮಾವರು ಹಾಸಿಗೆ ಹಿಡಿದರೆಂದು ತಿಳಿಯಿತು. ಹಾಸಿಗೆ ಎಂದರೆ ಹುಲ್ಲಿನ ಚಾಪೆ. ಹೊಟ್ಟೆಯಲ್ಲಿ ಗಡ್ಡೆ, ವಯಸ್ಸೂ ಆಗಿತ್ತು, ಮಾಡುವಂಥದ್ದೇನೂ ಇಲ್ಲವೆಂದು ವೈದ್ಯರು ಹೇಳಿದ್ದರು. ಆಚಾರ್ಯರ ಅಪ್ಪಣೆ ಪಡೆದು ಅನ್ನ ಬಿಟ್ಟು ಮಜ್ಜಿಗೆಗೆ ಬಂದಿದ್ದರು, ಮಜ್ಜಿಗೆಯಿಂದ ನೀರಿಗೆ ಇಳಿಯುವವರಿದ್ದರು. ನಾನೂ ಅವ್ವನೂ ಹೋದೆವು. ಸಣ್ಣ ಬಸದಿ, ಹತ್ತಿಪ್ಪತ್ತು ಮನೆಯ ಜನ. ಚಾಪೆಯ ಮೇಲೆ ಮಗುವಿನಷ್ಟು ಮೈ ಉಳಿದಿತ್ತು. ನಡುವಿನ ಅಮ್ಮಾವರು ಹತ್ತಿರ ಕೂತು ಸ್ತೋತ್ರ ಹೇಳುತ್ತಿದ್ದರು, ಅವರ ಕಣ್ಣು ಕೆಂಪಾಗಿದ್ದವು.

ಗುರುತು ಸಿಗುತ್ತದೋ ಇಲ್ಲವೋ ಎಂದು ಬಗ್ಗಿ "ವಂದಾಮಿ" ಅಂದೆ. ಕಣ್ಣು ತೆರೆದು ಬಹಳ ಹೊತ್ತು ನೋಡಿದರು. ಆಮೇಲೆ ಸುಜಾತಾ ಹೇಗಿದ್ದಾಳೆ ಎಂದು ಕೇಳಿದರು. ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆ, ಆರೋಗ್ಯವಾಗಿದ್ದಾಳೆ, ಪಾಠ ಹೇಳುತ್ತಾಳೆ ಎಂದೆ. ಬರುತ್ತೇನೆ ಅಂದಳೇ ಎಂದು ಅವರು ಕೇಳಲಿಲ್ಲ, ಆದರೆ ನನ್ನ ಹಿಂದಿನ ಬಾಗಿಲ ಕಡೆ ಒಮ್ಮೆ ನೋಡಿದರು. ಅಂಥ ಹೊತ್ತಿನಲ್ಲಿ ಸುಳ್ಳು ಹೇಳಲಾಗಲಿಲ್ಲ. ಅವಳಿಗೆ ನಿಮ್ಮ ಮೇಲೆ ಇನ್ನೂ ಸಿಟ್ಟಿದೆ ಎಂದುಬಿಟ್ಟೆ. ಅವ್ವ ನನ್ನ ತೋಳು ಚಿವುಟಿದಳು.

ಅಮ್ಮಾವರ ತುಟಿ ಸ್ವಲ್ಪ ಅರಳಿತು.

"ಇರಲಿ ಬಿಡು" ಅಂದರು. "ಸಿಟ್ಟ ಮಾಡಾಕೂ ಜೀವ ಇರಬೇಕಲ್ಲ."

ಅದೇ ಅವರು ನನ್ನೊಡನೆ ಆಡಿದ ಕೊನೆಯ ಮಾತು. ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ ಫೋನು ಬಂತು. ನಾನು ಮೊದಲು ಸುಜಾತಾಳಿಗೆ ಹೇಳಿದೆ. ಸಂಸ್ಕಾರ ಎಷ್ಟು ಹೊತ್ತಿಗೆ ಮಾಡುತ್ತಾರೆ ಎಂದಷ್ಟೇ ಕೇಳಿದಳು.

ಅವಳು ಬಂದಾಗ ಚಿತೆಗೆ ಬೆಂಕಿ ಇಟ್ಟಾಗಿತ್ತು. ಪದ್ಮಾಸನದಲ್ಲಿ ಕೂರಿಸಿದ ಮೈ ಕೊಬ್ಬರಿ, ಕಟ್ಟಿಗೆಯ ನಡುವೆ ಮುಚ್ಚಿಹೋಗಿತ್ತು. ಜನ ಜಯಕಾರ ಹಾಕುತ್ತಿದ್ದರು, ಬಾಗಿಲು ಮುಚ್ಚಿದ್ದ ಊರಿನವರೂ ಅವರಲ್ಲಿದ್ದರು. ಸುಜಾತಾ ದೂರದಲ್ಲಿ, ಬದುವಿನ ಮೇಲೆ ಒಬ್ಬಳೇ ನಿಂತಳು. ಕೈ ಮುಗಿಯಲಿಲ್ಲ. ಅತ್ತದ್ದೂ ಕಾಣಲಿಲ್ಲ. ಹೊಗೆ ತನ್ನ ಕಡೆ ತಿರುಗಿದಾಗಲೂ ಸರಿಯದೆ ನಿಂತಳು.

ಉರಿ ತಗ್ಗುವ ಹೊತ್ತಿಗೆ ಅವಳ ಕೈ ನಡುಗುವುದು ಕಂಡು ನಾನು ಹತ್ತಿರ ಹೋದೆ. ಹೊತ್ತು ಮೀರಿತ್ತು, ಸೂಜಿ ತೆಗೆದುಕೊಂಡು ಹೊರಟವಳು ದಾರಿಯಲ್ಲಿ ಏನೂ ತಿಂದಿರಲಿಲ್ಲ. ಆರ್ಯಿಕೆಯ ಚಿತೆ ಆರುವ ಮೊದಲು ಅಲ್ಲಿ ಯಾರೂ ಬಾಯಿಗೆ ನೀರು ಹಾಕುವುದಿಲ್ಲ. ಸುಜಾತಾ ಚೀಲದಿಂದ ಬುತ್ತಿ ತೆಗೆದಳು, ಬದುವಿನ ಮೇಲೆ ಕೂತಳು, ರೊಟ್ಟಿ ಮುರಿದು ಬಾಯಿಗಿಟ್ಟಳು. ಜನ ತಿರುಗಿ ನೋಡಿದರು. ಒಬ್ಬ ಮುದುಕಿ ಛೀ ಅಂದಳು. ಸುಜಾತಾ ಬೆಂಕಿಯ ಮೇಲಿನ ಕಣ್ಣು ತೆಗೆಯದೆ, ಒಂದೊಂದೇ ತುತ್ತು ಅಗಿದು, ಬುತ್ತಿಯ ಎಲ್ಲ ರೊಟ್ಟಿಯನ್ನೂ ತಿಂದು ಮುಗಿಸಿದಳು.